ಅರ್ಧ ಸೆಂಟು, ಮತ್ತು ಒಂದು ‘ಮುಂತಾದ’

ಕ್ಯಾಲಿಫೋರ್ನಿಯಾದ ನಮ್ಮೂರಿನ ಕನ್ನಡದವರಿಗೆಲ್ಲ ನಮಸ್ಕಾರ.

ಇದರ ಇಂಗ್ಲಿಷ್ ಪ್ರತಿಯೊಂದನ್ನು ನಗರಸಭೆಯ ಸದಸ್ಯರಿಗೂ ಕೊಟ್ಟಿದ್ದೇನೆ. ಅದು ಒಂದೇ ಪುಟ. ನಿಮಗೆ ಬರೆಯಲು ಕೂತರೆ ಉದ್ದ ಆಗುತ್ತಾ ಹೋಯಿತು. ಅಂಗಡಿಯವನಿಗೆ ಮಾತು ಜಾಸ್ತಿ, ನಿಮಗೆ ಗೊತ್ತಿರುವುದೇ.

ಮೂರು ವಾರದಿಂದ ಗಲ್ಲಾದ ಮುಂದೆ ನಿಂತವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದೀರಿ. ‘ಏನ್ ಸಾರ್, ಈ ಸೇಲ್ಸ್ ಟ್ಯಾಕ್ಸಿಗೆ ಯೆಸ್ ಅನ್ನೋದಾ, ನೋ ಅನ್ನೋದಾ?’ ಹಿಂದೆ ಐದು ಜನ ಸಾಲಲ್ಲಿ ನಿಂತಿರುವಾಗ, ಬದನೆಕಾಯಿ ತೂಗುತ್ತಾ ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೇ ಈ ಪತ್ರ.

ವಿಷಯ ಇಷ್ಟು. ನಮ್ಮೂರಲ್ಲಿ ಈಗ ಮಾರಾಟ ತೆರಿಗೆ ಶೇ. 8.75. ಅದನ್ನು ಡಾಲರಿಗೆ ಅರ್ಧ ಸೆಂಟು ಏರಿಸಿ ಶೇ. 9.25 ಮಾಡಲೇ ಅಂತ ನವೆಂಬರಿನ ಮತಪತ್ರದಲ್ಲಿ ಕೇಳಿದ್ದಾರೆ. ಬೆಂಕಿ ಆರಿಸುವವರು, ಪೊಲೀಸರು, 911 ತುರ್ತು ಕರೆ ಎತ್ತುವವರು, ಇವರಿಗೆಲ್ಲ ದುಡ್ಡು ಸಾಲುತ್ತಿಲ್ಲವಂತೆ. ಅರ್ಧ ಸೆಂಟು ಏನು ಮಹಾ ಅನ್ನುತ್ತೀರಿ ಕೆಲವರು. ಕೊಟ್ಟಷ್ಟೂ ಕೇಳ್ತಾರೆ ಅನ್ನುತ್ತೀರಿ ಇನ್ನು ಕೆಲವರು.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಾನು ಯೆಸ್ ಹಾಕುತ್ತೇನೆ, ಆದರೆ ಹಲ್ಲು ಕಚ್ಚಿಕೊಂಡು.

ಹೋದ ಬೇಸಿಗೆಯ ಒಂದು ಶನಿವಾರ, ಸಂಜೆ ಆರೂ ಮುಕ್ಕಾಲು. ಅಂಗಡಿ ತುಂಬಿತ್ತು. ಮಗನ ಮನೆಗೆ ಅಂತ ಮೈಸೂರಿನಿಂದ ಬಂದಿದ್ದ ಹಿರಿಯರೊಬ್ಬರು ಸೋನಾ ಮಸೂರಿ ಮೂಟೆಗಳ ಹತ್ತಿರ ನಿಂತವರು ಹಾಗೇ ಕುಸಿದರು. ಮೂಟೆ ಅಡ್ಡ ಇತ್ತು, ಇಲ್ಲದಿದ್ದರೆ ತಲೆ ನೆಲಕ್ಕೆ ಬಡಿಯುತ್ತಿತ್ತು. ನನ್ನ ಹೆಂಡತಿ 911 ಒತ್ತಿದಳು. ಆ ಕಡೆಯಿಂದ ಒಬ್ಬ ಹೆಂಗಸು ಸಮಾಧಾನವಾಗಿ ಒಂದೊಂದೇ ಕೇಳಿದಳು. ಉಸಿರಾಡ್ತಾ ಇದ್ದಾರಾ? ಎದೆ ಏಳ್ತಾ ಇದೆಯಾ? ಪ್ರತಿ ಸಲ ಉಸಿರು ತಗೊಂಡಾಗಲೂ ‘ಈಗ’ ಅನ್ನಿ, ನಾನು ಎಣಿಸ್ತೀನಿ ಅಂದಳು. ನನ್ನ ಹೆಂಡತಿ ಗಾಬರಿಯಲ್ಲಿ ಇಂಗ್ಲಿಷನ್ನೇ ಮರೆತು ‘ಈಗ... ಈಗ... ಈಗ’ ಅಂತ ಕನ್ನಡದಲ್ಲೇ ಹೇಳುತ್ತಾ ಹೋದಳು. ಆಯಮ್ಮನಿಗೆ ಅರ್ಥವಾಯಿತು ಅಂತ ಕಾಣುತ್ತೆ, ಎಣಿಸಿಕೊಂಡಳು.

ಅಗ್ನಿಶಾಮಕ ಠಾಣೆ ನಮ್ಮ ಅಂಗಡಿಯಿಂದ ಒಂದೂವರೆ ಮೈಲಿ. ನಡೆದುಕೊಂಡು ಹೋದರೂ ಅರ್ಧ ಗಂಟೆ. ಆದರೆ ಆ ಹೊತ್ತಿಗೆ ಅಲ್ಲಿನ ಗಾಡಿ ಊರಿನ ಇನ್ನೊಂದು ತುದಿಗೆ ಬೇರೆ ಕರೆಯ ಮೇಲೆ ಹೋಗಿತ್ತು. ಕೊನೆಗೆ ಬಂದದ್ದು ಪಕ್ಕದೂರಿನ ಗಾಡಿ. ಆಮೇಲೆ ಅಂಗಡಿಯ ಕ್ಯಾಮೆರಾ ತೆಗೆದು ನೋಡಿದೆ. ಅವರು ಕುಸಿದದ್ದು 6:46ಕ್ಕೆ. ಸ್ಟ್ರೆಚರ್ ಬಾಗಿಲಿಗೆ ಬಂದದ್ದು 7:00ಕ್ಕೆ. 14 ನಿಮಿಷ. ಹಿರಿಯರು ಉಳಿದರು. ಈಗ ದಿನಾ ಬೆಳಿಗ್ಗೆ ಮೈಸೂರಿನಿಂದ ವಾಟ್ಸಾಪಿನಲ್ಲಿ ಗುಲಾಬಿ ಹೂವಿನ ಚಿತ್ರ ಹಾಕಿ ‘ಶುಭೋದಯ’ ಕಳಿಸುತ್ತಾರೆ. ನಾನು ಒಂದನ್ನೂ ಅಳಿಸಿಲ್ಲ.

ಈ ದೇಶದ ಅಗ್ನಿಶಾಮಕ ದಳಗಳಿಗೆ ಎನ್‌ಎಫ್‌ಪಿಎ 1710 ಅಂತ ಒಂದು ಮಾನದಂಡ ಇದೆ. ಠಾಣೆ ಬಿಟ್ಟ ಮೊದಲ ಗಾಡಿ 4 ನಿಮಿಷದೊಳಗೆ ಸ್ಥಳ ಸೇರಬೇಕು, ಗಾಡಿಯಲ್ಲಿ ಕನಿಷ್ಠ 4 ಜನ ಇರಬೇಕು ಅನ್ನುತ್ತದೆ ಅದು. ಕಾನೂನಲ್ಲ, ಮಾನದಂಡ ಅಷ್ಟೇ. ನಮ್ಮೂರ ಗಾಡಿಗಳಲ್ಲಿ 3 ಜನ. ಒಬ್ಬರು ಕಡಿಮೆಯಾದರೆ ಏನಾಯ್ತು ಅನ್ನಬೇಡಿ. ಇಬ್ಬರು ಉರಿಯುವ ಮನೆಯೊಳಗೆ ಹೋಗಬೇಕಾದರೆ ಇಬ್ಬರು ಹೊರಗೆ ತಯಾರಾಗಿ ನಿಂತಿರಬೇಕು ಅನ್ನುವುದು ಕಾರ್ಮಿಕರ ಸುರಕ್ಷತೆಯ ಫೆಡರಲ್ ನಿಯಮ. ಒಳಗೆ ಯಾರೋ ಸಿಕ್ಕಿಹಾಕಿಕೊಂಡಿದ್ದಾರೆ ಅಂತ ಗೊತ್ತಿದ್ದರೆ ಮಾತು ಬೇರೆ. ಇಲ್ಲದಿದ್ದರೆ ಮೂವರು ಬಂದ ಗಾಡಿ ಮತ್ತೊಂದು ಗಾಡಿಗಾಗಿ ಕಾಯಬೇಕು. ಅಷ್ಟರಲ್ಲಿ ಅಡಿಗೆಮನೆಯ ಬೆಂಕಿ ಅಟ್ಟಕ್ಕೆ ಏರಿರುತ್ತದೆ. ಇನ್ನೊಂದು ವಿಷಯ, ಕೆಂಪು ಗಾಡಿ ನೋಡಿದರೆ ನಮಗೆ ಬೆಂಕಿಯೇ ನೆನಪಾಗುತ್ತದೆ. ಅವರಿಗೆ ಬರುವ ಕರೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಎದೆನೋವು, ಬಿದ್ದು ಸೊಂಟ ಮುರಿದದ್ದು, ಸಕ್ಕರೆ ಇಳಿದು ತಲೆ ತಿರುಗಿದ್ದು. ಊರಿನಿಂದ ಅಪ್ಪ ಅಮ್ಮನನ್ನು ಆರಾರು ತಿಂಗಳು ಕರೆಸಿಕೊಳ್ಳುವವರು ನಾವು. ಈ ಗಾಡಿಯ ಲೆಕ್ಕ ನಮ್ಮ ಲೆಕ್ಕವೂ ಹೌದು.

ಯೆಸ್ ಹಾಕುವುದಕ್ಕೆ ನನಗೆ ಇಷ್ಟು ಸಾಕು. ಈಗ ಹಲ್ಲು ಕಚ್ಚುವ ವಿಷಯ.

ದಾವಣಗೆರೆಯಲ್ಲಿ ನಮ್ಮಪ್ಪನದು ಕಿರಾಣಿ ಅಂಗಡಿ. ನಾನು ಚಿಕ್ಕವನಿದ್ದಾಗ ಊರೊಳಗೆ ಸರಕು ತರಬೇಕಾದರೆ ನಾಕಾದಲ್ಲಿ ಆಕ್ಟ್ರಾಯ್ ಅನ್ನುವ ಸುಂಕ ಕಟ್ಟಬೇಕಿತ್ತು. ಬೆಲ್ಲದ ಗಾಡಿ ನಾಕಾದಲ್ಲಿ ನಿಂತರೆ ಅಪ್ಪ ಸೈಕಲ್ ಏರಿ ಹೋಗುತ್ತಿದ್ದರು. ಬರುವಾಗ ಮುಖ ಸಿಂಡರಿಸಿಕೊಂಡು, ‘ಸುಂಕದವನ ಮುಂದೆ ಸುಖ ದುಃಖ ಹೇಳ್ಕೊಂಡ ಹಾಗಾಯ್ತು’ ಅನ್ನುತ್ತಿದ್ದರು. 1979ರಲ್ಲಿ ಕರ್ನಾಟಕದಲ್ಲಿ ಆಕ್ಟ್ರಾಯ್ ತೆಗೆದುಹಾಕಿದರು. ಆ ದಿನ ಅಪ್ಪ ಅಂಗಡಿಗೆ ಬಂದವರಿಗೆಲ್ಲ ಪೆಪ್ಪರಮೆಂಟು ಕೊಟ್ಟಿದ್ದು ನೆನಪಿದೆ. ಈಗ ನೋಡಿ, ಅವರ ಮಗ ಕ್ಯಾಲಿಫೋರ್ನಿಯಾದಲ್ಲಿ ಸುಂಕದವನು. ನಿಮ್ಮಿಂದ ವಸೂಲಿ ಮಾಡಿ ಮೂರು ತಿಂಗಳಿಗೊಮ್ಮೆ ರಾಜ್ಯದ ತೆರಿಗೆ ಇಲಾಖೆಗೆ ಕಟ್ಟುತ್ತೇನೆ.

ಸುಂಕದವನಾದ ಮೇಲೆ ಗೊತ್ತಾದ ಸಂಗತಿಗಳು ಸ್ವಾರಸ್ಯವಾಗಿವೆ. ದೋಸೆ ಹಿಟ್ಟಿಗೆ ತೆರಿಗೆ ಇಲ್ಲ, ಅದೇ ಹಿಟ್ಟು ಕಾವಲಿ ಮೇಲೆ ಬಿದ್ದು ಬಿಸಿ ದೋಸೆಯಾದರೆ ಇದೆ. ತೆಂಗಿನಕಾಯಿಗೆ ಇಲ್ಲ, ಪಕ್ಕದಲ್ಲಿಟ್ಟ ಕರ್ಪೂರಕ್ಕೆ ಇದೆ. ಫಿಲ್ಟರ್ ಕಾಫಿ ಒಂದನ್ನೇ ಕೊಂಡು ಹೊರಗೆ ಹೋದರೆ ಇಲ್ಲ, ಇಲ್ಲೇ ಮೇಜಿನ ಮೇಲಿಟ್ಟು ಕುಡಿದರೆ ಇದೆ. ಅಕ್ಕಿ, ಬೇಳೆ, ತರಕಾರಿ, ಹಾಲು, ಡಾಕ್ಟರು ಬರೆದುಕೊಟ್ಟ ಔಷಧಿ ಯಾವುದಕ್ಕೂ ಇಲ್ಲ. ಮನೆ ಬಾಡಿಗೆಗೂ ಇಲ್ಲ. ಹಾಗಾಗಿ ಈ ಅರ್ಧ ಸೆಂಟು ನಿಮ್ಮ ಅಡಿಗೆಮನೆಗೆ ಅಷ್ಟಾಗಿ ತಾಗುವುದಿಲ್ಲ. ತಾಗುವುದು ಬಟ್ಟೆ, ಚಪ್ಪಲಿ, ಫ್ರಿಜ್ಜು, ಟೈರು, ಹೋಟೆಲ್ ಊಟಕ್ಕೆ. 12 ಡಾಲರಿನ ಮಸಾಲೆ ದೋಸೆಗೆ 6 ಸೆಂಟು ಜಾಸ್ತಿ. 40,000 ಡಾಲರಿನ ಕಾರಿಗೆ 200 ಡಾಲರು. ಪಕ್ಕದೂರಲ್ಲಿ ಕೊಂಡರೆ ತಪ್ಪುತ್ತದೆ ಅಂದುಕೊಳ್ಳಬೇಡಿ. ಕಾರು ಯಾವ ಊರಲ್ಲಿ ನೋಂದಣಿಯಾಗುತ್ತದೋ ಆ ಊರಿನ ದರವೇ ಬೀಳುತ್ತದೆ.

ಆದರೂ ಇದು ಬಡವರಿಗೆ ಭಾರದ ತೆರಿಗೆಯೇ. ವಾರಕ್ಕೊಮ್ಮೆ ನಮ್ಮ ಅಂಗಡಿಯ ಹಿಂದೆ ಕಸ ಗುಡಿಸಲು ಬರುವಾತ ತನ್ನ ಸಂಬಳವನ್ನೆಲ್ಲ ಖರ್ಚು ಮಾಡುತ್ತಾನೆ. ಟೆಕ್ ಕಂಪನಿಯಲ್ಲಿರುವ ನಿಮ್ಮ ಸಂಬಳದ ಅರ್ಧ ಷೇರಿಗೂ ಉಳಿತಾಯಕ್ಕೂ ಹೋಗುತ್ತದೆ. ಅಂಗಡಿಯಲ್ಲಿ ಇಬ್ಬರಿಗೂ ದರ ಒಂದೇ.

ಹಾಗಿದ್ದರೆ ಆಸ್ತಿ ತೆರಿಗೆಯನ್ನೇ ಏರಿಸಬಾರದಾ? ಆಗುವುದಿಲ್ಲ. 1978ರಲ್ಲಿ ಇಲ್ಲಿನ ಜನ ಪ್ರಪೊಸಿಷನ್ 13 ಅಂತ ಒಂದು ಪ್ರಸ್ತಾವವನ್ನು ಮತ ಹಾಕಿ ಪಾಸು ಮಾಡಿದರು. ಆಸ್ತಿ ತೆರಿಗೆ ಬೆಲೆಯ ಶೇ. 1ಕ್ಕೆ ನಿಂತಿತು. ಆ ಬೆಲೆಯ ಲೆಕ್ಕವೂ ಮನೆ ಕೈ ಬದಲಾಗುವವರೆಗೆ ವರ್ಷಕ್ಕೆ ಶೇ. 2ಕ್ಕಿಂತ ಜಾಸ್ತಿ ಏರುವಂತಿಲ್ಲ. ಎಂಬತ್ತರ ದಶಕದಲ್ಲಿ ಮನೆ ಕೊಂಡ ನನ್ನ ಪಕ್ಕದ ಮನೆ ಅಜ್ಜಿ ಕಟ್ಟುವುದು ನಾನು ಕಟ್ಟುವುದರ ಕಾಲು ಭಾಗ. ಅಜ್ಜಿ ಒಳ್ಳೆಯವರು, ಅವರ ಮೇಲೆ ಕೋಪವಿಲ್ಲ. ಆದರೆ ನಗರಸಭೆಗಳ ಕೈಯಲ್ಲಿ ಏರಿಸಲು ಉಳಿದದ್ದು ಮಾರಾಟ ತೆರಿಗೆ ಯಾಕೆ ಅನ್ನುವುದಕ್ಕೆ ದೊಡ್ಡ ಕಾರಣ ಅದೇ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಪಬ್ಲಿಕ್ ಸೇಫ್ಟಿಗೆ ಅಂತ ಅರ್ಧ ಸೆಂಟನ್ನು ನಾವು ಈಗಾಗಲೇ ಕೊಡುತ್ತಿದ್ದೇವೆ! ಇಡೀ ರಾಜ್ಯಕ್ಕೆ ಅನ್ವಯಿಸುವ ಕನಿಷ್ಠ ದರ ಶೇ. 7.25. ಅದರೊಳಗೆ ಅರ್ಧ ಸೆಂಟು ಪ್ರಪೊಸಿಷನ್ 172ರದು. ತೊಂಬತ್ತರ ದಶಕದ ಶುರುವಿನಲ್ಲಿ ರಾಜ್ಯದ ಬೊಕ್ಕಸ ಬರಿದಾದಾಗ, ಊರುಗಳಿಗೂ ಕೌಂಟಿಗಳಿಗೂ (ನಮ್ಮ ಜಿಲ್ಲೆಗಳಿದ್ದ ಹಾಗೆ) ಸೇರಬೇಕಿದ್ದ ಆಸ್ತಿ ತೆರಿಗೆಯಲ್ಲಿ ಒಂದು ಪಾಲನ್ನು ಶಾಲೆಗಳ ಕಡೆ ತಿರುಗಿಸಿದರು. ಅದನ್ನು ತುಂಬಿಕೊಡಲು 1993ರ ನವೆಂಬರ್ 2ರಂದು ಈ ಅರ್ಧ ಸೆಂಟನ್ನು ಜನರ ಮುಂದಿಟ್ಟರು. ಅದಕ್ಕೆ ಕೆಲವೇ ದಿನ ಮೊದಲು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಲಗೂನಾ ಬೀಚ್ ಹೊತ್ತಿ ಉರಿದಿತ್ತು, ನೂರಾರು ಮನೆ ಬೂದಿಯಾಗಿದ್ದವು. ಜನ ಟಿವಿಯಲ್ಲಿ ಹೊಗೆ ನೋಡಿಕೊಂಡೇ ಹೋಗಿ ಯೆಸ್ ಹಾಕಿದರು. ಆ ದುಡ್ಡಿನ ಬಹುಪಾಲು ಹೋಗುವುದು ಕೌಂಟಿಗೆ. ಊರಿಗೆ ಬರುವುದು ಚೂರುಪಾರು. ಒಂದು ಕೈಯಲ್ಲಿ ಕಿತ್ತುಕೊಂಡು ಇನ್ನೊಂದು ಕೈಯಲ್ಲಿ ಬೇರೆಯವರ ಜೇಬಿಗೆ ಹಾಕಿದ ಹಾಗೆ.

ಈಗ ನಮ್ಮ ಮತಪತ್ರದ ಒಕ್ಕಣೆ ನೋಡಿ. ಕನ್ನಡದಲ್ಲಿ ಹೇಳುವುದಾದರೆ ಹೀಗಿದೆ: ‘911 ತುರ್ತು ಸೇವೆ, ಅಗ್ನಿಶಾಮಕ, ಪೊಲೀಸ್ ಗಸ್ತು ಮುಂತಾದ ಸಾಮಾನ್ಯ ಆಡಳಿತದ ಖರ್ಚುಗಳಿಗಾಗಿ.’

ಇಡೀ ತೆರಿಗೆ ಕೂತಿರುವುದು ಆ ‘ಮುಂತಾದ’ದಲ್ಲಿ.

ಇಲ್ಲಿನ ಕಾನೂನಿನಲ್ಲಿ ತೆರಿಗೆ ಎರಡು ಬಗೆ. ಇಂಥದ್ದಕ್ಕೇ ಖರ್ಚು ಮಾಡುತ್ತೇವೆ ಅಂತ ಬರೆದುಕೊಟ್ಟರೆ ಅದು ವಿಶೇಷ ತೆರಿಗೆ. ನಗರಸಭೆಯೇ ಅದನ್ನು ಜನರ ಮುಂದಿಟ್ಟರೆ ಪಾಸಾಗಲು ಮೂರರಲ್ಲಿ ಎರಡು ಪಾಲು ಮತ ಬೇಕು. ಸಾಮಾನ್ಯ ನಿಧಿಗೆ ಅಂತ ಕೇಳಿದರೆ ಅದು ಸಾಮಾನ್ಯ ತೆರಿಗೆ, ಅರ್ಧಕ್ಕಿಂತ ಒಂದು ಮತ ಜಾಸ್ತಿ ಇದ್ದರೆ ಸಾಕು. 1996ರ ಪ್ರಪೊಸಿಷನ್ 218 ಇದನ್ನು ಗಟ್ಟಿ ಮಾಡಿತು. ನಮ್ಮ ನಗರಸಭೆ ಆರಿಸಿಕೊಂಡಿರುವುದು ಸುಲಭದ ದಾರಿ. ಮನೆಮನೆಗೆ ಹಂಚಿದ ಕಾಗದದ ಮೇಲೆ ಕೆಂಪು ಗಾಡಿಯ ಚಿತ್ರ, ಕಾನೂನಿನಲ್ಲಿ ಮಾತ್ರ ಸಾಮಾನ್ಯ ನಿಧಿ. ನಾಳೆ ಈ ದುಡ್ಡಲ್ಲಿ ಉದ್ಯಾನಕ್ಕೆ ಬೆಂಚು ಹಾಕಿದರೂ ಯಾರೂ ಕೋರ್ಟಿಗೆ ಎಳೆಯುವ ಹಾಗಿಲ್ಲ. ಬೆಂಚು ಬೇಡ ಅಂತಲ್ಲ. ಬೆಂಚಿಗೆ ಬೇಕಾದರೆ ಬೆಂಚಿನ ಚಿತ್ರ ಹಾಕಿ ಕೇಳಲಿ.

ಕರ್ನಾಟಕದ ನಮ್ಮ ಊರುಗಳಲ್ಲಿ ಆಸ್ತಿ ತೆರಿಗೆ ಕಟ್ಟಿದವರಿಗೆ ಇದು ಹೊಸದಲ್ಲ. ಗ್ರಂಥಾಲಯ ಕರ, ಆರೋಗ್ಯ ಕರ, ಭಿಕ್ಷುಕರ ಕರ ಅಂತ ಒಂದರ ಕೆಳಗೊಂದು ಇರುತ್ತಿತ್ತು. ಗ್ರಂಥಾಲಯ ಕರ ವಸೂಲಾಗಿಯೂ ಗ್ರಂಥಾಲಯ ಇಲಾಖೆಗೆ ಸೇರದೆ ಬಾಕಿ ಉಳಿದ ಸುದ್ದಿ ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ? ಅಲ್ಲಿ ಕನಿಷ್ಠ ಹೆಸರಾದರೂ ಕಾನೂನಿನಲ್ಲಿತ್ತು.

ಇಲ್ಲೇ ಒಂದೂವರೆ ಗಂಟೆ ದೂರದ ಸ್ಟಾಕ್ಟನ್ ನೋಡಿ. ಸುಮಾರು 3 ಲಕ್ಷ ಜನರ ಊರು. 2012ರ ಜೂನ್‌ನಲ್ಲಿ ದಿವಾಳಿ ಅಂತ ಕೋರ್ಟಿಗೆ ಹೋಯಿತು. ಅಲ್ಲಿಯವರೆಗೆ ಈ ದೇಶದಲ್ಲಿ ಅಷ್ಟು ದೊಡ್ಡ ನಗರ ದಿವಾಳಿಯಾದದ್ದಿರಲಿಲ್ಲ. ಅದಕ್ಕೆ ಮೊದಲೇ ದುಡ್ಡಿಲ್ಲದೆ ಪೊಲೀಸರಲ್ಲಿ ನಾಲ್ಕನೇ ಒಂದು ಭಾಗ ಕಡಿಮೆಯಾಗಿದ್ದರು. ಆ ಒಂದೇ ವರ್ಷ ಊರಲ್ಲಿ 71 ಕೊಲೆ. 2013ರ ನವೆಂಬರಿನಲ್ಲಿ ಮುಕ್ಕಾಲು ಸೆಂಟಿನ ತೆರಿಗೆಯನ್ನು ಮೆಷರ್ ಎ ಅಂತ ಜನರ ಮುಂದಿಟ್ಟರು. ಅದೂ ಸಾಮಾನ್ಯ ತೆರಿಗೆಯೇ. ಆದರೆ ಜೊತೆಗೆ ಮೆಷರ್ ಬಿ ಅಂತ ಇನ್ನೊಂದನ್ನು ಇಟ್ಟರು. ಬಂದ ದುಡ್ಡಲ್ಲಿ ಶೇ. 65 ಪೊಲೀಸ್ ಮತ್ತು ಅಪರಾಧ ತಡೆಗೆ, ಉಳಿದದ್ದು ದಿವಾಳಿಯಿಂದ ಹೊರಬರುವುದಕ್ಕೆ, ಒಪ್ಪಿಗೆಯಾ? ಅದು ಬರೀ ಸಲಹೆ, ಕಾನೂನಿನ ಕಟ್ಟುಪಾಡಿಲ್ಲ. ಆದರೂ ಲೆಕ್ಕ ಕಾಗದದ ಮೇಲೆ ಬಂತು, ಜನ ಕೇಳಲು ಒಂದು ಸಂಖ್ಯೆ ಸಿಕ್ಕಿತು. 2015ರಲ್ಲಿ ಊರು ದಿವಾಳಿಯಿಂದ ಹೊರಬಂತು. 120 ಪೊಲೀಸರನ್ನು ಹೊಸದಾಗಿ ಸೇರಿಸಿಕೊಳ್ಳುವುದು ಗುರಿಯಾಗಿತ್ತು. ತೆರಿಗೆ ತಿಂಗಳೊಪ್ಪತ್ತಿನಲ್ಲಿ ಬರುತ್ತದೆ, ಮನುಷ್ಯರು ಬರುವುದಿಲ್ಲ. ಆರಿಸಬೇಕು, ತರಬೇತಿ ಕೊಡಬೇಕು, ಅಷ್ಟರಲ್ಲಿ ಇರುವವರು ಜಾಸ್ತಿ ಸಂಬಳದ ಊರಿಗೆ ಹೋಗದಂತೆ ನೋಡಿಕೊಳ್ಳಬೇಕು.

ಇದೇ ರಾಜ್ಯದ ವಲೇಹೊ ಊರಿನದು ಇನ್ನೂ ಚೆನ್ನಾಗಿದೆ. 2008ರಲ್ಲಿ ದಿವಾಳಿಯಾದ ಊರು, 2011ರಲ್ಲಿ ಒಂದು ಸೆಂಟಿನ ತೆರಿಗೆಗೆ ಒಪ್ಪಿತು. ಮರುವರ್ಷ ನಗರಸಭೆ ಆ ದುಡ್ಡಲ್ಲಿ ಒಂದು ಪಾಲನ್ನು ಎಲ್ಲಿ ಖರ್ಚು ಮಾಡಬೇಕು ಅಂತ ನೇರವಾಗಿ ಜನರ ಕೈಗೇ ಕೊಟ್ಟಿತು. ಇಡೀ ನಗರದ ಮಟ್ಟದಲ್ಲಿ ಹಾಗೆ ಮಾಡಿದ್ದು ಈ ದೇಶದಲ್ಲೇ ಅದು ಮೊದಲು.

ಪಿಂಚಣಿ ವಿಷಯ ಯಾರೂ ಎತ್ತುತ್ತಿಲ್ಲ, ನಾನೇ ಎತ್ತುತ್ತೇನೆ. 1999ರಲ್ಲಿ ರಾಜ್ಯ ಒಂದು ಕಾನೂನು ಮಾಡಿತು. ಅದನ್ನು ಹಿಡಿದು ಬಹಳಷ್ಟು ಊರುಗಳು ಪೊಲೀಸರಿಗೆ, ಅಗ್ನಿಶಾಮಕದವರಿಗೆ ‘50ಕ್ಕೆ ಶೇ. 3’ ಅನ್ನುವ ಪಿಂಚಣಿ ಒಪ್ಪಿಕೊಂಡವು. ಅಂದರೆ 30 ವರ್ಷ ದುಡಿದು 50ನೇ ವಯಸ್ಸಿಗೆ ನಿವೃತ್ತರಾದರೆ ಸಂಬಳದ ಶೇ. 90 ಪಿಂಚಣಿ. 2013ರಿಂದ ಹೊಸದಾಗಿ ಸೇರುವವರಿಗೆ ಅದನ್ನು ಇಳಿಸಿದರು. ಹಳಬರಿಗೆ ಕೊಟ್ಟ ಮಾತು ಹಾಗೇ ಇದೆ. ಕೊಟ್ಟ ಮಾತು ಉಳಿಸಿಕೊಳ್ಳಲಿ, ನನ್ನ ತಕರಾರಿಲ್ಲ. ಬೆಂಕಿಯೊಳಗೆ ನುಗ್ಗುವವರ ಬೆನ್ನು, ಮೊಣಕಾಲು 50ರ ಹೊತ್ತಿಗೆ ಏನಾಗಿರುತ್ತದೆ ಅಂತ ಅವರನ್ನೇ ಕೇಳಬೇಕು. ಆದರೆ ಈ ಅರ್ಧ ಸೆಂಟು ಗಾಡಿಗೆ ನಾಲ್ಕನೇ ಮನುಷ್ಯನನ್ನು ತರುತ್ತದಾ, ಅಥವಾ ಹಳೇ ಬಾಕಿಗೆ ಹೋಗಿ ಗಾಡಿಯಲ್ಲಿ ಮೂವರೇ ಉಳಿಯುತ್ತಾರಾ? ಈ ಪ್ರಶ್ನೆಯನ್ನು ನಗರಸಭೆಯ ಮೂರು ಸಭೆಗಳಲ್ಲಿ ಕೇಳಿದೆ. ಮೂರರಲ್ಲೂ ‘ಒಳ್ಳೆಯ ಪ್ರಶ್ನೆ, ಥ್ಯಾಂಕ್ಯೂ’ ಅಂದರು. ಸುಂಕದವನ ಮುಂದೆ ಅಂತ ಅಪ್ಪ ಹೇಳುತ್ತಿದ್ದರಲ್ಲ, ಸುಂಕದವನಿಗೂ ಅದೇ ಗತಿ.

ಇನ್ನೊಂದು ಮಾತು ಸದಸ್ಯರು ಗಟ್ಟಿಯಾಗಿ ಹೇಳುತ್ತಿಲ್ಲ. ಕನಿಷ್ಠ ದರದ ಮೇಲೆ ಊರು, ಕೌಂಟಿ ಎಲ್ಲ ಸೇರಿ ಏರಿಸಬಹುದಾದದ್ದು 2 ಸೆಂಟು ಮಾತ್ರ. ರಾಜ್ಯದ ಶಾಸನಸಭೆ ವಿನಾಯಿತಿ ಕೊಟ್ಟರೆ ಬೇರೆ ಮಾತು. ನಮ್ಮಲ್ಲಿ ಒಂದೂವರೆ ಆಗಲೇ ಇದೆ. ಈ ಅರ್ಧ ಸೇರಿದರೆ ಡಬ್ಬಿ ಭರ್ತಿ. ಐದು ವರ್ಷದ ಮೇಲೆ ಗ್ರಂಥಾಲಯಕ್ಕೋ ಬಸ್ಸಿಗೋ ಬೇಕು ಅಂದರೆ ಜಾಗ ಇರುವುದಿಲ್ಲ. ಕೊನೆಯ ಅರ್ಧ ಸೆಂಟನ್ನು ಒಂದು ‘ಮುಂತಾದ’ಕ್ಕೆ ಕೊಡುತ್ತಿದ್ದೇವೆ.

ಅದಕ್ಕೇ ಸದಸ್ಯರಲ್ಲಿ ಕೇಳಿರುವುದು ಇಷ್ಟು. ಸ್ಟಾಕ್ಟನ್ ಮಾಡಿದ ಹಾಗೆ ಶೇಕಡಾ ಎಷ್ಟು ಯಾವುದಕ್ಕೆ ಅಂತ ಚುನಾವಣೆಗೆ ಮೊದಲೇ ಒಂದು ಠರಾವು ಮಾಡಿ. ಸಲಹೆಯಾದರೂ ಪರವಾಗಿಲ್ಲ, ಬರೆದುಕೊಡಿ. ಈ ದುಡ್ಡಿಗೆ ಪ್ರತ್ಯೇಕ ಖಾತೆ ಇಡಿ. ಠಾಣೆವಾರು ಗಾಡಿ ಎಷ್ಟು ನಿಮಿಷಕ್ಕೆ ತಲುಪಿತು ಅಂತ ಮೂರು ತಿಂಗಳಿಗೊಮ್ಮೆ ಊರಿಗೆ ತಿಳಿಸಿ. ನಾನು ಮೂರು ತಿಂಗಳಿಗೊಮ್ಮೆ ಸೆಂಟು ಸೆಂಟಿಗೂ ಲೆಕ್ಕ ಕೊಡುತ್ತೇನೆ, ಒಂದು ದಿನ ತಡವಾದರೆ ದಂಡ. ನೀವೂ ಕೊಡಿ. 10 ವರ್ಷಕ್ಕೆ ತೆರಿಗೆ ತಾನಾಗಿ ಮುಗಿಯಲಿ, ಬೇಕಾದರೆ ಮತ್ತೆ ಬಂದು ಕೇಳಿ.

ನಿಮ್ಮಲ್ಲೂ ಒಂದು ಕೇಳಿಕೆ ಇದೆ. ಜೂನಿನಲ್ಲಿ ಬಜೆಟ್ ಸಭೆಗೆ ಹೋಗಿದ್ದೆ. ಜನರ ಕುರ್ಚಿಗಳಲ್ಲಿ ಆರು ಜನ. ಅದರಲ್ಲಿ ನಾಲ್ವರು ಪಿಕಲ್‌ಬಾಲ್ ಆಡುವ ಜಾಗದ ಬಗ್ಗೆ ಜಗಳ ಮಾಡಲು ಬಂದವರು, ಒಬ್ಬರು ನಿದ್ದೆ. ನಮ್ಮ ಯುಗಾದಿಗೆ ಎಷ್ಟು ಜನ ಸೇರುತ್ತೀರಿ ಅಂತ ನನಗೆ ಗೊತ್ತು, ಒಬ್ಬಟ್ಟು ಲೆಕ್ಕ ಹಾಕಿ ಕಳಿಸುವವನು ನಾನೇ. ಅದರಲ್ಲಿ ಹತ್ತು ಜನ ಸಾಕು.

‘ನಮಗೆ ವೋಟೇ ಇಲ್ಲ ಸಾರ್, ವೀಸಾದಲ್ಲಿದ್ದೀವಿ’ ಅನ್ನುವವರು ನಿಮ್ಮಲ್ಲಿ ಬಹಳ. ವೋಟಿಲ್ಲದಿದ್ದರೂ ತೆರಿಗೆ ಕೊಡುತ್ತೀರಿ ಅಲ್ವಾ? ಸಭೆಯಲ್ಲಿ ಮಾತಾಡಲು ಪೌರತ್ವ ಬೇಕಿಲ್ಲ. ಬ್ರೌನ್ ಆ್ಯಕ್ಟ್ ಅಂತ 1953ರ ಕಾನೂನು ಇದೆ, ಯಾರು ಬೇಕಾದರೂ ಎದ್ದು ಹೇಳಬಹುದು. ಹೆಸರು ಹೇಳಬೇಕು ಅಂತಲೂ ಇಲ್ಲ. ಕೊಡುವುದು ಮೂರು ನಿಮಿಷ. ದುಭಾಷಿ ಇಟ್ಟುಕೊಂಡು ಮಾತಾಡಿದರೆ ಕನಿಷ್ಠ ಅದರ ಎರಡರಷ್ಟು ಸಮಯ ಕೊಡಬೇಕು ಅಂತ ಕಾನೂನಿನಲ್ಲೇ ಇದೆ. ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಬನ್ನಿ, ಕನ್ನಡದಲ್ಲೇ ಹೇಳಲಿ, ನಾನು ಇಂಗ್ಲಿಷ್ ಮಾಡುತ್ತೇನೆ. ಆರು ನಿಮಿಷ ಸಿಗುತ್ತದೆ.

ಸಭೆ ತಿಂಗಳ ಎರಡನೇ ಮತ್ತು ನಾಲ್ಕನೇ ಮಂಗಳವಾರ, ಸಂಜೆ 7ಕ್ಕೆ. ಆ ದಿನ ಅಂಗಡಿ ಆರೂವರೆಗೇ ಮುಚ್ಚುತ್ತೇನೆ. ಗಾಡಿಯಲ್ಲಿ ನಾಲ್ಕು ಜನಕ್ಕೆ ಜಾಗ ಇದೆ.

ಇಂತಿ ನಿಮ್ಮ
ಅಂಗಡಿಯವನು

ಬರೆಯಲು ಮರೆತಿದ್ದೆ: ಪಾಸಾದರೆ ಹೊಸ ದರ ಶುರುವಾಗುವುದು ಬರುವ ಏಪ್ರಿಲ್ 1ಕ್ಕೆ. ಗಲ್ಲಾದ ಕಂಪ್ಯೂಟರಿನಲ್ಲಿ ಅದನ್ನು ನಾನೇ ಬದಲಿಸಬೇಕು. ಹೋದ ಸಲ ಬದಲಿಸುವಾಗ ದೋಸೆ ಹಿಟ್ಟಿಗೂ ತೆರಿಗೆ ಹಾಕಿಬಿಟ್ಟಿದ್ದೆ. ಮೊದಲ ವಾರ ದಯವಿಟ್ಟು ಬಿಲ್ಲು ನೋಡಿಕೊಂಡೇ ಹೊರಡಿ.